ಪೆಟ್ರೋಲ್ ಕ್ಯಾನ್ ತಗೋಳೋ ಮುಂಚೆ ಇದನ್ನ ಓದ್ರಿ (ಮಳಿಗಾಲದ ಸರಣಿ, ಭಾಗ 6)

ಮೊದಲನೇ ಫೋಟೋದಾಗ ಇರೋದು ನಿಮಗೆಲ್ಲ ಗೊತ್ತಿರೋ ಸಾಮಾನ. ಅಡಗಿ ಎಣ್ಣಿ ಖಾಲಿ ಆದ 5 ಲೀಟರಿನ ಕ್ಯಾನು. ಲೋಂಡಾದಾಗ ಎಷ್ಟೋ ಮನ್ಯಾಗ ಮಳಿಗಾಲದ ಪೆಟ್ರೋಲ್ ಇದರಾಗನ ಇರ್ತೈತಿ. ಹುಲ್ಲು ಕೊಯ್ಯೋ ಮಷೀನಿಗೆ ಅಂತ, ಕರೆಂಟ್ ಹೋದ್ರ ಜನರೇಟರಿಗೆ ಅಂತ, ಗಾಡಿಗೆ ಅಂತ. ಹೋದ ಭಾಗದಾಗ ಇನ್ವರ್ಟರ್ ಬ್ಯಾಟರಿ ಬಗ್ಗೆ ಬರೆದ ಮ್ಯಾಲೆ ನಾಲ್ಕೈದು ಮಂದಿ ಒಂದೇ ಪ್ರಶ್ನೆ ಕೇಳಿದ್ರು: "ಪೆಟ್ರೋಲ್ ಇಡಾಕ ಪ್ಲಾಸ್ಟಿಕ್ ಕ್ಯಾನ್ ಯಾವ್ದು ಚಲೋ?"

ನನ್ನ ಉತ್ತರ ಸೀದಾ ಐತಿ. ಡೀಸೆಲ್‌ಗೆ, ಚಿಮಣಿ ಎಣ್ಣಿಗೆ ಗಟ್ಟಿ ಪ್ಲಾಸ್ಟಿಕ್ ಕ್ಯಾನ್ ನಡೀತೈತಿ. ಪೆಟ್ರೋಲ್‌ಗೆ ನಮ್ಮ ಬಜಾರದಾಗ ಸಿಗೋ ಪ್ಲಾಸ್ಟಿಕ್ ಬ್ಯಾಡ. ತಗಡಿನ 5 ಲೀಟರ್ ಕ್ಯಾನ್ ತಗೋರಿ, ಇಲ್ಲಾಂದ್ರ ಮನ್ಯಾಗ ಇಡೋದ ಬಿಡ್ರಿ.

ಕಾರಣ ಬರೀ ಹೆದರಿಕಿ ಅಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಅಂತ ಒಂದು ಐತಿ, ಇನ್ನೂ ಜಾರಿಯೊಳಗ ಐತಿ. ಅದರ 8ನೇ ಕಲಂ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ ತನಕ ಲೈಸೆನ್ಸ್ ಇಲ್ಲದ ಇಟ್ಕೋಬಹುದು. ಇಷ್ಟು ಓದಿ ಖುಷಿ ಆಗಬ್ಯಾಡ್ರಿ, ಅದರ ಮುಂದಿನ ಸಾಲು ಮುಖ್ಯ. ಇಡೋ ಪಾತ್ರಿ ಗಾಜಿಂದಿರಬೇಕು, ಇಲ್ಲಾ ಉಪ್ಪಿನಕಾಯಿ ಹಾಕ್ತಾರಲ್ಲ ಆ ಥರದ ಭರಣಿ ಇರಬೇಕು, ಇಲ್ಲಾ ಲೋಹದ್ದಿರಬೇಕು. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಗಾಜು, ಭರಣಿ ಆದ್ರ 1 ಲೀಟರ್ ದಾಟಬಾರದು, ಲೋಹ ಆದ್ರ 25 ಲೀಟರ್ ದಾಟಬಾರದು. ಪ್ಲಾಸ್ಟಿಕ್ ಅನ್ನೋ ಶಬ್ದನ ಆ ಪಟ್ಟಿಯೊಳಗ ಇಲ್ಲ.

ಯಾಕ ಇಲ್ಲ ಅಂದ್ರ, ಇರಾಕ ಸಾಧ್ಯನೂ ಇರಲಿಲ್ಲ. ಪಾಲಿಥೀನ್ ಇಂಗ್ಲೆಂಡಿನ ಲ್ಯಾಬಿನೊಳಗ ಆಕಸ್ಮಿಕವಾಗಿ ಸಿಕ್ಕಿದ್ದು 1933ರಾಗ. ಇವತ್ತು ಕ್ಯಾನ್ ಮಾಡೋ ಗಟ್ಟಿ ಜಾತಿ, ಅಂದ್ರ ಎಚ್‌ಡಿಪಿಇ, ಬಂದಿದ್ದು 1953ರ ಮ್ಯಾಲೆ. ಹಂಗಾಗಿ ಕಾಯ್ದೆ ಬರೆದೋರಿಗೆ ಪ್ಲಾಸ್ಟಿಕ್ ಡಬ್ಬಿ ಕಲ್ಪನೆನ ಇರಲಿಲ್ಲ. ಅದೇ ಕಾಯ್ದೆ ಡೀಸೆಲ್, ಚಿಮಣಿ ಎಣ್ಣಿ ವಿಷಯಕ್ಕ ಎಷ್ಟು ಸಡಿಲ ಐತಿ ನೋಡ್ರಿ: ಒಂದೇ ಪಾತ್ರಿಯೊಳಗ 1,000 ಲೀಟರ್ ಮೀರದಂಗ ಒಟ್ಟು 2,500 ಲೀಟರ್ ತನಕ ಲೈಸೆನ್ಸ್ ಬ್ಯಾಡ. ಪೆಟ್ರೋಲ್‌ಗೆ 30, ಡೀಸೆಲ್‌ಗೆ 2,500. ಈ ಎರಡು ಅಂಕಿ ಪಕ್ಕಪಕ್ಕ ಇಟ್ರ ಯಾವ ಎಣ್ಣಿ ಎಷ್ಟು ಅಪಾಯ ಅಂತ ಬ್ಯಾರೆ ಯಾರೂ ಹೇಳೋದು ಬೇಕಿಲ್ಲ.

ಎಲ್ಲಾ ಫರಕ ಇರೋದು ಆವಿಯೊಳಗ. ಡೀಸೆಲ್, ಚಿಮಣಿ ಎಣ್ಣಿ ಸುಮಾರು 35 ಡಿಗ್ರಿ ದಾಟೋ ತನಕ ಬೆಂಕಿ ಹತ್ತೋವಷ್ಟು ಆವಿ ಬಿಡೋದಿಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗನೂ ಬಿಡ್ತೈತಿ. ಲೋಂಡಾದ ಜುಲೈ ರಾತ್ರಿ ನಮಗ ಚಳಿ, ಪೆಟ್ರೋಲ್‌ಗೆ ಅದು ಬ್ಯಾಸಗಿನ. ಆ ಆವಿ ಗಾಳಿಗಿಂತ ಭಾರ. ಮ್ಯಾಲೆ ಹಾರಿ ಹೋಗೋದಿಲ್ಲ, ನೆಲಾ ಹಿಡಿದು ಹರೀತೈತಿ, ಹೊಸ್ತಿಲಾ ದಾಟತೈತಿ, ಬಚ್ಚಲ ಒಲಿ ತನಕ ಹೋಗ್ತೈತಿ.

ಬಚ್ಚಲ ಒಲಿ ಅಂದೆ. ನಾ ಈ ಭಾಗ ಬರೀತಿರೋದ ಅದಕ್ಕ. ಮಳಿಗಾಲದಾಗ ಕಟಗಿ ಹಸಿ ಇರ್ತಾವು, ಹಂಡೇದ ನೀರು ಕಾಯಂಗಿಲ್ಲ. ಮೊದಲ ಒಂದ್ ಚಮಚ ಚಿಮಣಿ ಎಣ್ಣಿ ಹಾಕಿ ಹಚ್ಚತಿದ್ರು. ರೇಷನ್ ಅಂಗಡ್ಯಾಗ ಚಿಮಣಿ ಎಣ್ಣಿ ಸಿಗೋದು ಕಡಿಮಿ ಆತು. ಈಗ ಕೈಗೆ ಸಿಗೋದು ಮೂಲ್ಯಾಗಿರೋ ಪೆಟ್ರೋಲ್ ಕ್ಯಾನು. ಒಲ್ಯಾಗ ಕೆಂಡ ಆರಿದಂಗ ಕಾಣ್ತೈತಿ, ಕ್ಯಾನ್ ಬಗ್ಗಿಸಿ ಸುರೀತಾರ. ಹಿಂಗ ಸುರಿಯುವಾಗ ಬೆಂಕಿ ಹರಿಯೋ ಪೆಟ್ರೋಲ್ ಗುಂಟ, ಆವಿ ಗುಂಟ ವಾಪಸ್ ಕ್ಯಾನಿನ ಬಾಯಿಗೆ ಬರಬಹುದು. ತಳಕ್ಕ ಸ್ವಲ್ಪ ಹಳೇ ಪೆಟ್ರೋಲ್ ಉಳಿದ ಕ್ಯಾನ್ ಇನ್ನೂ ಅಪಾಯ, ಯಾಕಂದ್ರ ಒಳಗ ಗಾಳಿ, ಆವಿ ಎರಡೂ ಬೆಂಕಿ ಹಿಡಿಯೋ ಪ್ರಮಾಣದಾಗ ಕೂಡಿರಬಹುದು. ಆಗ ಕ್ಯಾನ್ ಬೆಂಕಿ ಉಗುಳತೈತಿ. ಸುಡೋದು ಯಾರನ್ನ ಅಂದ್ರ, ಮುಂಜಾನೆ ಐದಕ್ಕ ಎದ್ದು ನೀರು ಕಾಸೋರನ್ನ. ನಮ್ಮನ್ಯಾಗ ಅದು ಅವ್ವ. ನಿಮ್ಮನ್ಯಾಗ ಯಾರು ಅಂತ ನೀವ ನೋಡ್ಕೋರಿ.

ಇದು ನಮ್ಮ ಊರಿನ ತ್ರಾಸಷ್ಟೇ ಅಲ್ಲ. ಅಮೆರಿಕಾದಾಗೂ ಹಿಂಗ ಸುಟ್ಕೊಂಡ್ರು, ಅದಕ್ಕ 2020ರಾಗ ಒಂದು ಕಾನೂನನ ಮಾಡಿದ್ರು: ಅಲ್ಲಿ ಮಾರೋ ಇಂಧನ ಕ್ಯಾನಿಗೆ ಬೆಂಕಿ ಒಳಗ ಹೋಗದಂಗ ತಡಿಯೋ ವ್ಯವಸ್ಥಾ ಇರಲೇಬೇಕು. ಸಾಮಾನ್ಯವಾಗಿ ಅದು ಬಾಯಾಗ ಕೂಡ್ರಿಸಿದ ಸಣ್ಣ ಜಾಳಿಗಿ. ಬಣ್ಣನೂ ಅಲ್ಲಿ ರೂಢಿ ಐತಿ, ಪೆಟ್ರೋಲ್‌ಗೆ ಕೆಂಪು, ಡೀಸೆಲ್‌ಗೆ ಹಳದಿ, ಚಿಮಣಿ ಎಣ್ಣಿಗೆ ನೀಲಿ.

ಈಗ ಕ್ಲಾಸಿನ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರ್ತೈತಿ: "ಹೊಸ ಕಾರುಗಳ ಪೆಟ್ರೋಲ್ ಟ್ಯಾಂಕನ ಪ್ಲಾಸ್ಟಿಕ್ ಇರ್ತಾವಲ್ಲೋ?" ಹೌದು, ಇರ್ತಾವು. ಆದ್ರ ಆ ಟ್ಯಾಂಕಿನ ಗ್ವಾಡಿಯೊಳಗ ಆವಿ ತಡಿಯೋ ಬ್ಯಾರೆ ಪದರ ಇರ್ತೈತಿ, ಒತ್ತಡ ಬಿಡಾಕ ವಾಲ್ವ್ ಇರ್ತೈತಿ. ನಿಮ್ಮ ಅಡಗಿ ಎಣ್ಣಿ ಕ್ಯಾನಿಗೆ ಏನೈತಿ? ಸಾದಾ ಎಚ್‌ಡಿಪಿಇ ಗ್ವಾಡಿಯೊಳಗಿಂದ ಪೆಟ್ರೋಲ್ ಆವಿ ನಿಧಾನಕ್ಕ ಹೊರಗ ಬರ್ತಾನ ಇರ್ತೈತಿ. ಮುಚ್ಚಳ ಬಿಗಿ ಇದ್ರೂ ಖೋಲಿ ಪೆಟ್ರೋಲ್ ನಾರತೈತಿ ಅಂದ್ರ ಕಾರಣ ಇದ. ಪ್ಲಾಸ್ಟಿಕ್ ಮ್ಯಾಲೆ ನನಗೇನೂ ಸಿಟ್ಟಿಲ್ಲ. ನನ್ನ ತಕರಾರು ಏನಂದ್ರ, ಕಾಯ್ದೆ ತಗಡು ಅಂತೈತಿ, ಬಜಾರ ಪ್ಲಾಸ್ಟಿಕ್ ಮಾರತೈತಿ, ಮನಿಗೆ ಒಯ್ಯೋ ಕ್ಯಾನ್ ಹೆಂಗಿರಬೇಕು ಅಂತ ಕೊಳ್ಳೋರಿಗೆ ಯಾರೂ ತಿಳಿಸಿ ಹೇಳಂಗಿಲ್ಲ. ಒಂದೋ ಆ 1934ರ ಪಟ್ಟಿಗೆ ಪರೀಕ್ಷೆ ಪಾಸಾದ ಪ್ಲಾಸ್ಟಿಕ್ ಸೇರಸ್ರಿ, ಇಲ್ಲಾ ಪಂಪಿನಾಗ ಸಿಕ್ಕ ಸಿಕ್ಕ ಡಬ್ಬಿಗೆ ತುಂಬೋದು ಪೂರಾ ನಿಲ್ಲಸ್ರಿ.

ಡೀಸೆಲ್‌ಗೆ ಪ್ಲಾಸ್ಟಿಕ್ ಕ್ಯಾನ್ ತಗೋತೀರಿ ಅಂದ್ರ ಮೊದಲ ಅದನ್ನ ತಿರುವಿ ತಳಾ ನೋಡ್ರಿ (ಮೂರನೇ ಫೋಟೋ). ತ್ರಿಕೋನದಾಗ 2 ಇದ್ರ ಎಚ್‌ಡಿಪಿಇ. 1 ಇದ್ರ ನೀರಿನ ಬಾಟಲಿ ಜಾತಿ, ಬಿಟ್ಟುಬಿಡ್ರಿ. ಇನ್ನೂ ಚಲೋ ಕ್ಯಾನಾದ್ರ ಯುಎನ್ ಮುದ್ರೆ, 3ಎಚ್1 ಅನ್ನೋ ಗುರುತು, ತಯಾರಾದ ವರ್ಷ ಇರ್ತಾವು. ಅಪಾಯದ ದ್ರವ ಸಾಗಿಸಾಕ ಅಂತ ಪರೀಕ್ಷೆ ಮಾಡಿದ ಪ್ಲಾಸ್ಟಿಕ್ ಕ್ಯಾನಿನ ಗುರುತು ಅದು, ಮತ್ತ ಆ ನಿಯಮದಾಗ ಅದರ ಆಯುಷ್ಯ ತಯಾರಾದಾಗಿಂದ ಸಾಮಾನ್ಯವಾಗಿ 5 ವರ್ಷ ಅಷ್ಟ. ಮುಚ್ಚಳದೊಳಗ ವಾಷರ್ ಐತೇನು ನೋಡ್ರಿ. ನೀರು ತುಂಬಿ ಅಡ್ಡ ಮಲಗಿಸಿ ಒಂದು ತಾಸು ಬಿಡ್ರಿ, ಹನಿ ಬಂದ್ರ ವಾಪಸ್ ಕೊಡ್ರಿ. ಕೆಮಿಕಲ್ ಬಂದಿದ್ದ ಹಳೇ ಕ್ಯಾನ್ ಸಸ್ತಾ ಸಿಗ್ತಾವು ಅಂತ ತರಬ್ಯಾಡ್ರಿ, ಒಳಗ ಏನಿತ್ತೋ ಯಾರಿಗ್ಗೊತ್ತು. ಬಿಸಲಾಗ ಇಟ್ಟ ಪ್ಲಾಸ್ಟಿಕ್ ಒಂದೆರಡು ವರ್ಷದಾಗ ಪೆಡಸಾಗಿ ಬಿರಿತೈತಿ, ಬಣ್ಣ ಬಿಳಿಚಿಕೊಂಡಿದ್ರ ಅದರ ಕಾಲ ಮುಗೀತು.

(ಅಂದಂಗ, ಜೆರ್ರಿಕ್ಯಾನ್ ಅನ್ನೋ ಹೆಸರು ಯುದ್ಧದ್ದು. 1930ರ ದಶಕದಾಗ ಜರ್ಮನ್ ಸೈನ್ಯಕ್ಕ ಅಂತ ಮಾಡಿದ 20 ಲೀಟರಿನ ತಗಡಿನ ಕ್ಯಾನ್ ಅದು, ಮ್ಯಾಲೆ ಮೂರು ಹಿಡಿಕಿ, ಒಬ್ಬರೂ ಹಿಡೀಬಹುದು, ಇಬ್ಬರೂ ಹಿಡೀಬಹುದು. ಬ್ರಿಟಿಷ್ ಸಿಪಾಯಿಗಳು ಜರ್ಮನರಿಗೆ ಜೆರ್ರಿ ಅಂತಿದ್ರು, ಕ್ಯಾನಿಗೂ ಅದ ಹೆಸರು ಕೂತ್ಕೊಂತು.)

ತಗಡಿನ ಕ್ಯಾನ್ ಆಗಲಿ, ಯಾವುದಾಗಲಿ, ತುಂಬಿಸೋವಾಗ ನೆಲದ ಮ್ಯಾಲೆ ಇಡ್ರಿ. ಗಾಡಿ ಸೀಟಿನ ಮ್ಯಾಲೆ, ಟೆಂಪೋದಾಗ ಇಟ್ಟು ತುಂಬಿಸಿದ್ರ ಸ್ಥಿರ ವಿದ್ಯುತ್ ಕಿಡಿ ಹಾರೋ ಸಂಭವ ಇರ್ತೈತಿ. ಬಾಯಿ ತನಕ ತುಂಬಸಬ್ಯಾಡ್ರಿ. 5 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಕಾದ್ರ ಹತ್ತಿರಹತ್ತಿರ 100 ಮಿಲಿ ಹಿಗ್ಗತೈತಿ, ಅಂದ್ರ ಒಂದ್ ಕಪ್ ಚಹಾದಷ್ಟು. ಅದಕ್ಕ ಜಾಗಾ ಬೇಕಲ್ಲ. ಇನ್ನೊಂದು, ಈಗಿನ ಪೆಟ್ರೋಲ್‌ನಾಗ ಎಥನಾಲ್ ಇರ್ತೈತಿ, ಅದು ನೀರು ಹೀರತೈತಿ. ನಮ್ಮೂರಿನ ಜಡಿ ಮಳ್ಯಾಗ ಸಡಿಲ ಮುಚ್ಚಳದ ಕ್ಯಾನಿನಾಗ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಮಷೀನಿನ ಕಾರ್ಬ್ಯುರೇಟರಿಗೆ ಚಲೋ ಅಲ್ಲ. ಗಾಡಿ ಸಲುವಾಗಿ ಅಂದ್ರ ಕ್ಯಾನ್ ಯಾಕ ಬೇಕು? ಮಳಿ ಹತ್ತೋ ಮುಂಚೆ ಟ್ಯಾಂಕ್ ತುಂಬಿಸ್ರಿ. ಅದು ಪೆಟ್ರೋಲ್ ಸಲುವಾಗಿನ ಮಾಡಿದ ಲೋಹದ ಡಬ್ಬಿ, ಮ್ಯಾಲೆ ಕೀಲಿನೂ ಐತಿ.

ಗೋವಾ ಕಡೆಯಿಂದ ರೈಲಿನಾಗ ತರೋ ಶಾಣ್ಯಾರಿಗೆ ಒಂದು ಬಿಕಾಂ ಲೆಕ್ಕ. ಲೀಟರಿಗೆ ಐದಾರು ರೂಪಾಯಿ ಉಳೀತು ಅಂತ ಹಿಡೀರಿ, 5 ಲೀಟರಿಗೆ 30 ರೂಪಾಯಿ. ಆ ಕಡೆ 1989ರ ರೈಲ್ವೆ ಕಾಯ್ದೆಯ 164ನೇ ಕಲಂ: ಅಪಾಯದ ಸಾಮಾನ ಒಯ್ದ್ರ 3 ವರ್ಷ ತನಕ ಜೈಲು, ಇಲ್ಲಾ 1,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ, ಮ್ಯಾಲೆ ಆದ ಹಾನಿಯೂ ನಿಮ್ಮ ತಲಿ ಮ್ಯಾಲೆ. ಕಾಯ್ದೆ ಬದಿಗಿಡ್ರಿ. 2023ರ ಆಗಸ್ಟ್ 26ಕ್ಕ ಮದುರೈಯೊಳಗ ನಿಂತ ಬೋಗಿಯೊಳಗ ಕದ್ದು ಒಯ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಮಂದಿ ಸತ್ರು. ಅದು ನಿಂತ ಬೋಗಿ. ನಮ್ಮ ಗಾಡಿ ಬರೋದು ಘಾಟಿನಾಗ, ಸುರಂಗದೊಳಗ.

ಇನ್ನು ಮನ್ಯಾಗ ಎಲ್ಲಿ ಇಡಬೇಕು ಅಂದ್ರ, ಮಲಗೋ ಮನ್ಯಾಗ ಅಲ್ಲ, ಅಡಗಿ ಮನ್ಯಾಗ ಅಲ್ಲ, ಬಚ್ಚಲ ಹತ್ತಿರ ಅಂತೂ ಅಲ್ಲವೇ ಅಲ್ಲ. ಹೊರಗ ನೆರಳಿರೋ, ಗಾಳಿ ಆಡೋ ಜಾಗಾ, ಹುಡುಗರ ಕೈಗೆ ನಿಲುಕದಂಗ. ನೀರಿನ ಬಾಟಲಿಯೊಳಗ ಯಾವ ಎಣ್ಣಿನೂ ಹಾಕಬ್ಯಾಡ್ರಿ, ನೀರು ಅಂತ ಕುಡದ್ರ ಮುಗೀತು. ಕ್ಯಾನಿನ ಮ್ಯಾಲೆ ಏನೈತಿ ಅಂತ ದಪ್ಪ ಅಕ್ಷರದಾಗ ಬರೀರಿ, ಕನ್ನಡದಾಗೂ ಮರಾಠಿಯಾಗೂ, ನಮ್ಮೂರಾಗ ಎರಡೂ ಓದೋರು ಇದಾರ. ತುಂಬಿಸಿದ ತಾರೀಖೂ ಇರಲಿ.

ನಿಮ್ಮನಿ ಕ್ಯಾನಿನ ತಳದ ಫೋಟೋ ಕಳಸ್ರಿ, ಮುದ್ರೆ ಓದಿ ಹೇಳ್ತೀನಿ. ಒಳಗ ಪೆಟ್ರೋಲ್ ಇದ್ರ ಮೊದಲ ಗಾಡಿ ಟ್ಯಾಂಕಿಗೆ ಸುರೀರಿ, ಆಮ್ಯಾಲೆ ಫೋಟೋ ತಗೀರಿ.