ಎದ್ದು ನಿಲ್ಲುವಾಗ ಹೃದಯ ಮಾಡುವ ಕೆಲಸ



ಶುಭ ಶುಕ್ರವಾರದ ದಿನ ಪ್ರಭುವಿನ ಯಾತನೆಯ ವಾಚನ ನಡೆಯುವಾಗ ದೇವಾಲಯದ ಒಂದು ಮೂಲೆಯಲ್ಲಿ ಧಪ್ಪೆಂದು ಸದ್ದಾಗುವುದು ನಿಮಗೆ ಗೊತ್ತಿರುವ ಸಂಗತಿಯೇ. ವಯಸ್ಸಾದ ಅಮ್ಮನವರೊಬ್ಬರು ಕುಸಿದಿರುತ್ತಾರೆ. ನಾಲ್ಕು ಮಂದಿ ಓಡಿಹೋಗಿ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಬಾಯಿಗೆ ನೀರು ಹಾಕುತ್ತಾರೆ. ನಾವೂ ಹಾಗೆ ಮಾಡಿದ್ದುಂಟು. ಅದು ತಪ್ಪೆಂದು ತಿಳಿದದ್ದು ಆಮೇಲೆ.

ನಾವು ಎದ್ದು ನಿಂತ ಕೂಡಲೇ ಸುಮಾರು ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ತಗ್ಗುತ್ತದೆ. ಕತ್ತಿನ ರಕ್ತನಾಳಗಳಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯಲ್ಲೂ ಇರುವ ನರತುದಿಗಳು ಇದನ್ನು ಕಂಡುಕೊಂಡು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಹೊರಡುವ ಒಂದು ಬಗೆಯ ನರಗಳು ಹೃದಯವನ್ನು ಚುರುಕುಗೊಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ. ವೇಗಸ್ ಎಂಬ ಇನ್ನೊಂದು ನರ ಹೃದಯಕ್ಕೆ ಕಡಿವಾಣವಿದ್ದಂತೆ. ತನ್ನ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುವ ಹೃದಯವನ್ನು 70ರ ಆಸುಪಾಸಿನಲ್ಲಿ ಹಿಡಿದಿಡುವುದು ಅದೇ. ಎದ್ದು ನಿಂತಾಗ ಈ ಕಡಿವಾಣ ಸಡಿಲಗೊಳ್ಳುತ್ತದೆ.

ನರ ಹೃದಯದೊಡನೆ ಹೇಗೆ ಮಾತನಾಡುತ್ತದೆಂದು ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ. ಈ ಪ್ರಯೋಗದ ದಾರಿ ಪಾಸ್ಕ ಹಬ್ಬದ ಹೊತ್ತಿನ ಒಂದು ರಾತ್ರಿ ನಿದ್ದೆಯಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ನರದ ಸಂದೇಶ ರಾಸಾಯನಿಕವಾಗಿ ಹರಿಯುತ್ತದೆಂಬ ಈ ಸಂಗತಿ 1921ರಲ್ಲಿ ಪ್ರಕಟವಾಯಿತು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ನರಗಳದು ಕ್ಷಣದ ಕೆಲಸವಾದರೆ ಹಾರ್ಮೋನುಗಳದು ನಿಧಾನದ ಕೆಲಸ. ಒತ್ತಡ ತಗ್ಗಿದಾಗ ಮೂತ್ರಪಿಂಡಗಳು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತವೆ. ಅದರ ಪರಿಣಾಮವಾಗಿ ಅಡ್ರಿನಲ್ ಗ್ರಂಥಿಯಿಂದ ಅಲ್ಡೋಸ್ಟಿರೋನ್ ಹೊರಟು ಉಪ್ಪುನೀರನ್ನು ದೇಹದಲ್ಲಿ ಉಳಿಸುತ್ತದೆ. ಆದರೆ ಬೆಳಗಿನಿಂದ ನೀರೇ ಕುಡಿಯದಿದ್ದರೆ ಅದು ಉಳಿಸುವುದಾದರೂ ಏನನ್ನು?

ವಯಸ್ಸಾದಂತೆ ಈ ಏರ್ಪಾಡು ಮಂದವಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಬಿ.ಪಿ. ಮತ್ತು ಪ್ರೋಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ಅಡ್ಡಿಯಾಗುತ್ತವೆ. ಮೆದುಳಿಗೆ ರಕ್ತ ಸಾಲದೆ ಕಣ್ಣಿಗೆ ಕತ್ತಲೆ ಬರುತ್ತದೆ. ಬಿದ್ದು ಸೊಂಟದ ಮೂಳೆ ಮುರಿದರಂತೂ ಹಿರಿಯರು ಹಾಸಿಗೆ ಹಿಡಿಯುತ್ತಾರೆ.

ಆದುದರಿಂದ ಹಿರಿಯರೇ, ಏಳುವ ಮುನ್ನ ಪಾದಗಳನ್ನು ಆಡಿಸಿ, ಬೆಂಚನ್ನು ಹಿಡಿದು ನಿಧಾನವಾಗಿ ಏಳಿರಿ. ತಲೆ ತಿರುಗಿದರೆ ಕುಳಿತುಬಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ಕನ್ನಡ ಬಾರದೆಂದು ಹಿಂಜರಿಯದೆ, ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು, ಮಾತು ಬಲ್ಲ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ. ಮಲಗಿಸಿ ಕಾಲುಗಳನ್ನು ಮೇಲಕ್ಕೆತ್ತಿ, ಗಾಳಿ ಬಿಡಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ಏನೂ ಹಾಕಬೇಡಿ. ಬೇಗ ಎಚ್ಚರವಾಗದಿದ್ದರೆ, ಎದೆನೋವಿದ್ದರೆ, ಪೆಟ್ಟಾಗಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

59 ವರ್ಷ ತುಂಬಿದವರಿಗೆ ಧರ್ಮಸಭೆ ಉಪವಾಸದ ಕಟ್ಟಳೆ ವಿಧಿಸಿಲ್ಲ. ಕಾಯಿಲೆಯವರಿಗೂ ವಿನಾಯಿತಿ ಇದೆ. ನಿಲ್ಲಲಾರದವರು ಬಲಿಪೂಜೆಯಲ್ಲಿ ಕುಳಿತುಕೊಳ್ಳಬಹುದು. ಆದರೂ ಅನೇಕ ಹಿರಿಯರು ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚದಿಂದ ತಲೆಸುತ್ತನ್ನು ನುಂಗಿಕೊಂಡು ನಿಲ್ಲುತ್ತಾರೆ. ಆ ಸಂಕೋಚವನ್ನು ಹೋಗಲಾಡಿಸುವುದು ಗುರುಗಳಾದ ನಮ್ಮ ಹಾಗೂ ಯುವಜನರ ಹೊಣೆ. ಬೆಥಾನಿಯದ ಮರಿಯಳು ಪ್ರಭುವಿನ ಮಾತನ್ನು ಕೇಳಿದ್ದು ಅವರ ಪಾದದ ಬಳಿ ಕುಳಿತೇ ಅಲ್ಲವೇ?