ಹಂದಿಗೆ ಕನ್ನಡದಲ್ಲಿ ಏನನ್ನುತ್ತಾರೆ?

ಡಿಸೆಂಬರ್ ಬಂದರೆ ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ ಕ್ರಿಸ್‌ಮಸ್ ಅಡುಗೆ ಶುರುವಾಗುತ್ತದೆ. ಪ್ಲಮ್ ಕೇಕ್, ರೋಸ್ ಕುಕ್ಕೀಸ್, ಮಂಗಳೂರಿನ ಕುಸ್ವಾರ್. ಈಚೆಗೆ ಇವುಗಳ ಪಕ್ಕದಲ್ಲಿ ಮೊಟ್ಟೆ ಹಾಕದ ಕೇಕ್ ಕೂಡ ತಪ್ಪದೇ ಇರುತ್ತದೆ. ಇವನ್ನೆಲ್ಲ ಓದಿದವರಿಗೆ, ಕ್ರೈಸ್ತರು ಹಬ್ಬದ ದಿನ ಬೆಳಗಿನಿಂದ ರಾತ್ರಿಯವರೆಗೆ ಸಿಹಿ ತಿಂದೇ ಮಲಗುತ್ತಾರೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮಂಗಳೂರಿನ ಎಷ್ಟೋ ಕ್ಯಾಥೊಲಿಕ್ ಮನೆಗಳಲ್ಲಿ ಅಂದು ಸಾನ್ನಾಂ ಜೊತೆ ಹಂದಿಯ ಬಫಾತ್ ಇರುತ್ತದೆ. ಅದು ಊಟದ ಮೇಜಿನ ಮೇಲಿರುತ್ತದೆ, ಪುರವಣಿಯಲ್ಲಿ ಇರುವುದಿಲ್ಲ. ಮೇಜಿನ ಫೋಟೊ ತೆಗೆಯುವವರು ಅದೊಂದನ್ನು ಮಾತ್ರ ಪಕ್ಕಕ್ಕೆ ಸರಿಸಿ ತೆಗೆದಂತೆ ಕಾಣುತ್ತದೆ.

ಕಳೆದ ವರ್ಷ ಒಂದು ಅನುವಾದ ಸಂಕಲನಕ್ಕಾಗಿ ಇಂಗ್ಲಿಷಿನ ಕತೆಯೊಂದನ್ನು ಕನ್ನಡಕ್ಕೆ ತಂದಿದ್ದೆ. ಕ್ರಿಸ್‌ಮಸ್ ರಾತ್ರಿಯ ಊಟಕ್ಕೆ ತಾಯಿಯೊಬ್ಬಳು ಹ್ಯಾಮ್ ಬೇಯಿಸುತ್ತಿರುತ್ತಾಳೆ. ಮುನಿಸಿಕೊಂಡು ಹೋದ ಮಗ ಬರುತ್ತಾನೋ ಇಲ್ಲವೋ ಎಂಬುದೆಲ್ಲ ಆ ಒಲೆಯ ಮುಂದೆಯೇ ನಡೆಯುತ್ತದೆ. ಹಸ್ತಪ್ರತಿ ಮರಳಿ ಬಂದಾಗ ಅಂಚಿನಲ್ಲೊಂದು ಟಿಪ್ಪಣಿ ಇತ್ತು: 'ಹಬ್ಬದ ವಿಶೇಷ ಅಡುಗೆ' ಎಂದರೆ ಸಾಕು, ಕನ್ನಡದಲ್ಲಿ ಇದಕ್ಕೆ ಪದವಿಲ್ಲ, ನಮ್ಮ ಓದುಗರಿಗೂ ಮುಜುಗರ. ನಾನು ಕತೆಯನ್ನು ವಾಪಸ್ ತೆಗೆದುಕೊಂಡೆ. ಅದು ದೊಡ್ಡ ಸಂಗತಿಯಲ್ಲ. ಆದರೆ ಆ ಎರಡು ಸಾಲಿನ ಟಿಪ್ಪಣಿಯಲ್ಲಿ ಕನ್ನಡ ಸಾಹಿತ್ಯಲೋಕದ ಒಂದು ಹಳೆಯ ಅಭ್ಯಾಸ ಪೂರ್ತಿ ಅಡಗಿದೆ. ಪದವಿಲ್ಲ ಎಂಬುದು ಸುಳ್ಳು. ಮುಜುಗರ ಎಂಬುದು ನಿಜವಿರಬಹುದು. 'ನಮ್ಮ ಓದುಗರು' ಯಾರು ಎಂಬುದೇ ನನ್ನ ಜಗಳ.

ಮೊದಲು ಪದದ ವಿಚಾರ. ಹ್ಯಾಮ್ ಎಂದರೆ ಹಂದಿಯ ಹಿಂಗಾಲಿನ ತೊಡೆ. ಅದನ್ನು ಉಪ್ಪಿನಲ್ಲೋ ಉಪ್ಪುನೀರಿನಲ್ಲೋ ದಿನಗಟ್ಟಲೆ ಇಡುತ್ತಾರೆ, ಎಷ್ಟೋ ಕಡೆ ಆಮೇಲೆ ಹೊಗೆಯನ್ನೂ ಹಾಕುತ್ತಾರೆ. ಹಬ್ಬದ ದಿನ ಅದನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೇಲಿನ ತೊಗಲು ಬಿಡಿಸಿ, ಕೆಳಗಿನ ನೆಣದ ಪದರನ್ನು ಹಾಗೇ ಉಳಿಸುತ್ತಾರೆ. ನೆಣದ ಮೇಲೆ ಚಾಕುವಿನಿಂದ ಶಂಕರಪೋಳಿಗೆ ಹಾಕುವ ಹಾಗೆ ಓರೆ ಗೆರೆ ಎಳೆದು, ಒಂದೊಂದು ಮನೆಗೆ ಒಂದೊಂದು ಲವಂಗ ಚುಚ್ಚುತ್ತಾರೆ. ಕಡೆಗೆ ಕಂದು ಸಕ್ಕರೆ, ಸಾಸಿವೆ, ಜೇನು ಸೇರಿಸಿ ಮಾಡಿದ ಪಾಕವನ್ನು ಅದರ ಮೇಲೆ ಮತ್ತೆ ಮತ್ತೆ ಸವರುತ್ತಾರೆ. ಪಾಕ ಸವರುವುದು ಕೊನೆಯ ಅರ್ಧ ಗಂಟೆಯ ಕೆಲಸ, ಮೊದಲೇ ಸವರಿದರೆ ಸಕ್ಕರೆ ಸುಟ್ಟು ಕಹಿಯಾಗುತ್ತದೆ. ಪಾಕದ ಹದ ಗೊತ್ತಿರುವ ನಮ್ಮ ಯಾವ ಅವ್ವನಿಗೂ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ತೊಡೆ, ನೆಣ, ಉಪ್ಪು, ಹೊಗೆ, ಲವಂಗ, ಪಾಕ: ಇವುಗಳಲ್ಲಿ ಕನ್ನಡಕ್ಕೆ ಇಲ್ಲದ ಪದ ಯಾವುದು? ಪಿಜ್ಜಾ, ನೂಡಲ್ಸ್, ಮಂಚೂರಿಗಳನ್ನು ಒಂದೇ ತಲೆಮಾರಿನಲ್ಲಿ ಒಳಗೆ ಬಿಟ್ಟುಕೊಂಡ ಭಾಷೆ ಹ್ಯಾಮ್ ಎಂಬ ಒಂದೂವರೆ ಅಕ್ಷರದ ಮುಂದೆ ಬಾಗಿಲು ಹಾಕಿಕೊಳ್ಳುವುದಾದರೆ, ಕಾರಣ ಶಬ್ದಕೋಶದಲ್ಲಿ ಇಲ್ಲ.

ಕಾರಣ ಬೇರೆ ಕಡೆ ಇದೆ ಎನ್ನುವುದಕ್ಕೆ ಭಾಷೆಯೇ ಸಾಕ್ಷಿ. ಪಾಲು ಹಾಲಾದಂತೆ, ಪೂ ಹೂವಾದಂತೆ ಹಳಗನ್ನಡದ ಪಂದಿ ನಮ್ಮ ಬಾಯಲ್ಲಿ ಹಂದಿಯಾಯಿತು. ಕೊಡವ ಭಾಷೆಯಲ್ಲಿ ಪಕಾರ ಉಳಿದುಕೊಂಡಿತು, ಅಲ್ಲಿ ಇವತ್ತಿಗೂ ಅದು ಪಂದಿ. ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟಿನ ಜೊತೆ ಮಾಡುವ, ಕಾಚಂಪುಳಿಯ ಹುಳಿ ಬಿದ್ದ ಪಂದಿ ಕರಿಯನ್ನು ಬೆಂಗಳೂರಿನ ಹೋಟೆಲುಗಳಲ್ಲಿ ಬೆಲೆ ಕೊಟ್ಟು ತಿಂದು, ಅದರ ಬಗ್ಗೆ ಬರೆಯುವವರಿದ್ದಾರೆ. ಸಂತೋಷ. ಅದೇ ಜನರ ಮುಂದೆ ಹಕಾರದ ಹಂದಿ ಎನ್ನಿ, ಮುಖ ಸಿಂಡರಿಸುತ್ತಾರೆ. ಇನ್ನು ಸಂಸ್ಕೃತದಲ್ಲಿ ವರಾಹ ಎಂದುಬಿಟ್ಟರೆ ಕೈಮುಗಿಯುತ್ತಾರೆ. ಚಾಲುಕ್ಯರ ಲಾಂಛನ ವರಾಹ. ಬಾದಾಮಿಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತಿರುವುದು ವರಾಹ. ವಿಜಯನಗರದ ಚಿನ್ನದ ನಾಣ್ಯಕ್ಕೂ ವರಾಹ ಎಂದೇ ಹೆಸರು. ಕಲ್ಲಿನಲ್ಲಿ ದೇವರು, ಕೈಯಲ್ಲಿ ದುಡ್ಡು, ಪಕಾರದಲ್ಲಿ ರುಚಿ, ಹಕಾರದಲ್ಲಿ ಬೈಗುಳ. ಒಂದೇ ಪ್ರಾಣಿ.

ಈ ಚಾಲುಕ್ಯರ ಮಾತನ್ನು ಸುಮ್ಮನೆ ತರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ, 1129ರ ಸುಮಾರಿಗೆ, 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ರಾಜನ ಸುಖಭೋಗಗಳನ್ನೆಲ್ಲ ಪಟ್ಟಿ ಮಾಡುವ ಆ ಪುಸ್ತಕದಲ್ಲಿ ಅನ್ನಭೋಗ ಎಂಬ ಭಾಗವಿದೆ. ಇಡ್ಲಿಯ ಚರಿತ್ರೆ ಬರೆಯುವವರೆಲ್ಲ ಅಲ್ಲಿಗೆ ಹೋಗಿ ಬರುತ್ತಾರೆ. 'ಇಡ್ಡರಿಕಾ' ಅಲ್ಲಿದೆ, ದೋಸೆ ಅಲ್ಲಿದೆ, ವಡೆ ಅಲ್ಲಿದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಭಾಗದಲ್ಲಿ ಹಂದಿಯ ಮೇಲೆ ಕುದಿನೀರು ಸುರಿದು ಕೂದಲು ತೆಗೆಯುವುದು ಹೇಗೆ, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಡುವುದು ಹೇಗೆ, ಅದನ್ನು ಹುರಿದು ತುಂಡು ಮಾಡಿ ಉಪ್ಪು ಹುಳಿ ಸಂಬಾರ ಸೇರಿಸುವುದು ಹೇಗೆ ಎಂಬುದೂ ವಿವರವಾಗಿ ಇದೆ. ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಈ ಗ್ರಂಥ ಅಚ್ಚಾಗಿ ದಶಕಗಳೇ ಕಳೆದಿವೆ. ಇಡ್ಡರಿಕಾ ಸಿಕ್ಕವರಿಗೆ ಹಂದಿ ಸಿಗಲಿಲ್ಲವೆಂದು ನಂಬುವುದು ಕಷ್ಟ. ಅರಸ ಬರೆದದ್ದರಲ್ಲಿ ಅವರು ತಮಗೆ ಬೇಕಾದ್ದನ್ನು ಬಡಿಸಿಕೊಂಡು ಎದ್ದರು. ಬಸವಕಲ್ಯಾಣದ ಅರಮನೆಯ ಅಡುಗೆಯನ್ನು ಕಲ್ಯಾಣ ಕರ್ನಾಟಕದ ಪರಂಪರೆ ಎಂದು ಹಾಡಿ ಹೊಗಳುವುದಾದರೆ ಪೂರ್ತಿ ಹೊಗಳಬೇಕು. ಇಲ್ಲವೇ ಸುಮ್ಮನಿರಬೇಕು.

ಅದು ಅರಸರ ಬೇಟೆಯ ಊಟ, ಜನರ ಊಟವಲ್ಲ ಎಂದು ಯಾರಾದರೂ ಹೇಳಬಹುದು. ಸರಿ, ಜನರ ಊಟಕ್ಕೇ ಬರೋಣ. ರಾಯಚೂರು–ಮಾನ್ವಿ ದಾರಿಯ ನಮ್ಮ ಕಲ್ಲೂರಿನಂಥ ಊರುಗಳನ್ನು ಹೊರಗಿನವರಿಗೆ ಪರಿಚಯಿಸುವಾಗ ಮೊದಲು ಬರುವ ಮಾತು ದಾಸ ಸಾಹಿತ್ಯ. ಮಾನ್ವಿಯ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು. ಅದು ನಿಜ, ಹೆಮ್ಮೆಯದೂ ಹೌದು. ಆದರೆ ಇದೇ ನೆಲದಲ್ಲಿ ಹಬ್ಬಕ್ಕೆ ಎರಡು ದಿನ. ಮೊದಲ ದಿನ ಹೋಳಿಗೆ, ಮರುದಿನ ಕರಿ. ಪಂಚಾಂಗದ ಲೆಕ್ಕದಲ್ಲಿ ಕರಿ ಶುಭಕಾರ್ಯಕ್ಕೆ ಬಾರದ ದಿನ. ಬಹಳಷ್ಟು ಮನೆಗಳ ಲೆಕ್ಕದಲ್ಲಿ ಖಂಡ ಬೇಯುವ ದಿನ. 'ನಿನ್ನೆ ದೇವರದಾತು, ಇವತ್ತ ನಮ್ದು' ಎಂದು ನಮ್ಮ ಓಣಿಯ ಅಮ್ಮಗಳು ಮಸಾಲಿ ಅರೆಯಲು ಕೂಡುತ್ತಾರೆ. ಕನ್ನಡದ ಹಬ್ಬದ ಪ್ರಬಂಧಗಳನ್ನು ಓದಿ ನೋಡಿ, ಹೋಳಿಗೆಯ ಹೂರಣಕ್ಕೆ ಎರಡು ಪುಟ ಕೊಟ್ಟು, ಸಂಜೆಯ ದೀಪ ಹಚ್ಚಿ ಮುಗಿಸುತ್ತವೆ. ಮರುದಿನದ ಬೆಳಗು ಆಗುವುದೇ ಇಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಉಪ್ಪು ಅರಿಶಿನ ಹಚ್ಚಿದ ಖಂಡವನ್ನು ಒಣಗಿಸುವುದು ಇಲ್ಲಿ ಕೇರಿಗಳ ವಿದ್ಯೆ. ಹ್ಯಾಮ್ ಮಾಡುವವರ ವಿದ್ಯೆಯೂ ಅದೇ, ಉಪ್ಪು ಮತ್ತು ಕಾಲ. ಅವರ ಚಳಿಗೆ ಹೊಗೆ ಬೇಕಾಯಿತು, ನಮ್ಮ ನಲವತ್ತು ಡಿಗ್ರಿಗೆ ಬಿಸಿಲೇ ಸಾಕಾಯಿತು. ಗಡಿಯಾಚೆ ಮರಾಠವಾಡದಲ್ಲಿ ಶಾಹು ಪಾಟೋಳೆ ಇಂಥ ಅಡುಗೆಗಳನ್ನೇ ಕುರಿತು ಮರಾಠಿಯಲ್ಲಿ ಇಡೀ ಪುಸ್ತಕ ಬರೆದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ನಾನು ಓದಿರುವ ಕನ್ನಡ ಅಡುಗೆ ಪುಸ್ತಕಗಳಲ್ಲಿ ಒಣಖಂಡಕ್ಕೆ ಒಂದು ಪುಟ ಸಿಕ್ಕಿಲ್ಲ.

ಕನ್ನಡದ ಸೂಕ್ಷ್ಮ ಮನಸ್ಸಿಗೆ ಇದೆಲ್ಲ ಒಗ್ಗುವುದಿಲ್ಲ ಎಂಬ ವಾದವಂತೂ ನಿಲ್ಲುವುದಿಲ್ಲ. ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಗೌಡರ ಮನೆಗಳ ಹಂದಿ ಬೇಟೆ, ಬಾಡು, ಕಳ್ಳು ಎಲ್ಲವೂ ಸಂಕೋಚವಿಲ್ಲದೆ ಬರುತ್ತವೆ. ಯಾವ ಓದುಗರೂ ಪುಸ್ತಕ ಮುಚ್ಚಿಡಲಿಲ್ಲ.

ಹಾಗಾದರೆ ತಕರಾರು ಹಂದಿಯ ಮೇಲಲ್ಲ, ಅದನ್ನು ಸಾಕುವವರ ಮೇಲೆ. ನಮ್ಮ ಕಡೆ ಹಂದಿ ಎಂದರೆ ಕೊರಮರು, ಕೊರಚರು. ಹಂದಿಜೋಗಿ ಎಂದು ಜಾತಿಯ ಹೆಸರಲ್ಲೇ ಪ್ರಾಣಿಯನ್ನು ಹೊತ್ತವರೂ ಸರ್ಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ. ಕೊಡಗಿನ ಹಂದಿ ಪರಂಪರೆ, ಐದು ನಕ್ಷತ್ರದ ಹೋಟೆಲಿನ ಹಂದಿ ಅಂತರರಾಷ್ಟ್ರೀಯ, ಕೊರಮರ ಹಂದಿ ಹೇಸಿಗೆ. ತಟ್ಟೆ ಯಾರ ಕೈಯಲ್ಲಿದೆ ಎಂಬುದನ್ನು ನೋಡಿಯೇ ಮೂಗು ಮುಚ್ಚಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. 'ನೀವೂ ತಿಂತೀರೇನ್ರಿ?' ಎಂದು ಸೆಮಿನಾರಿನ ಊಟದ ಸಾಲಿನಲ್ಲಿ ನನ್ನನ್ನು ಕೇಳಿದವರಿದ್ದಾರೆ. ನಾನು ಉತ್ತರ ಕೊಡುವುದಿಲ್ಲ. ಅದು ಊಟದ ಪ್ರಶ್ನೆಯಲ್ಲ, ಜಾತಿ ಕೇಳುವ ಸಭ್ಯ ವಿಧಾನ.

ಶುಚಿತ್ವದ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾರೆ. ಹಂದಿಯ ಲಾಡಿಹುಳು ನಿಜ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿ, ಮರಿ ಮಿದುಳಿಗೆ ಹೋದರೆ ಮೂರ್ಛೆರೋಗ ಬರುವುದೂ ನಿಜ. ಆದರೆ ಆ ಮೊಟ್ಟೆಗಳು ಹೊರಬರುವುದು ಮನುಷ್ಯರ ಮಲದಲ್ಲಿ. ಹಂದಿಗೆ ಅದು ಸಿಗುವುದು ನಾವು ಬಯಲಿನಲ್ಲಿ ಬಿಟ್ಟಿರುವುದರಿಂದ, ಚರಂಡಿ ಮುಚ್ಚದೇ ಇರುವುದರಿಂದ. ಹಂದಿ ಮಾತ್ರ ತಿನ್ನದ, ಸೊಪ್ಪು ಮಾತ್ರ ತಿನ್ನುವವರಿಗೂ ತೊಳೆಯದ ಸೊಪ್ಪಿನಿಂದ ಆ ಮೊಟ್ಟೆ ಹೊಟ್ಟೆ ಸೇರಬಹುದು. ಪುರಸಭೆಯ ಕೆಲಸವನ್ನು ಪ್ರಾಣಿಯ ಗುಣವೆಂದು ಬರೆದುಕೊಂಡು ಕೂತಿದ್ದೇವೆ.

ರಾಯಚೂರಿನಂಥ ಜಿಲ್ಲೆಯಲ್ಲಿ ಮುಸಲ್ಮಾನರ ಮನಸ್ಸು ನೋಯುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಹೀಗೆ ಕೇಳಿದವರಲ್ಲಿ ಮುಸಲ್ಮಾನರು ಒಬ್ಬರೂ ಇರಲಿಲ್ಲ ಎಂಬುದು ಬೇರೆ ಮಾತು. ನನ್ನ ಮುಸಲ್ಮಾನ ಗೆಳೆಯರು ಹಂದಿ ನಮಗೆ ಹರಾಮ್ ಎಂದು ನೇರವಾಗಿ ಹೇಳುತ್ತಾರೆ, ತಿನ್ನುವುದಿಲ್ಲ, ಮಾತು ಮುಂದುವರಿಯುತ್ತದೆ. ನಿಷೇಧಕ್ಕೆ ಪ್ರಾಣಿಯ ಹೆಸರು ಹೇಳುವ ಧೈರ್ಯವಿದೆ. ನಮ್ಮ ಸಾಹಿತ್ಯದ ಸಭ್ಯತೆಗೆ ಅಷ್ಟೂ ಇಲ್ಲ.

ಇದು ಬರೀ ಪುಟಗಳ ಮೇಲಿನ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2021ರ ಡಿಸೆಂಬರಿನಲ್ಲಿ ಸರ್ಕಾರ ರಾಯಚೂರು, ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಹೊರಟಿತು. ಈ ಜಿಲ್ಲೆಗಳ ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. ಬೇಡದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆಡಿದ ಮಾತಿನ ವಿಡಿಯೊ ಎಲ್ಲರ ಫೋನಿಗೂ ಬಂತು. ಆ ಚರ್ಚೆಯಲ್ಲಿ ನಾನು ಕಂಡ ಅತ್ಯಂತ ಸ್ಪಷ್ಟವಾದ ಕನ್ನಡ ಅದು. ಆ ವಾರಗಳಲ್ಲಿ ಎಷ್ಟು ಸಾಹಿತಿಗಳು ಬರೆದರು, ಎಷ್ಟು ಜನ 'ಎರಡೂ ಕಡೆಯವರ ಭಾವನೆ' ಎಂದು ಜಾರಿಕೊಂಡರು ಎಂಬುದು ಓದುಗರಿಗೇ ನೆನಪಿರಬಹುದು. ಮುಂದೆ 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೆಯ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮಾಂಸಾಹಾರ ಮದ್ಯ, ತಂಬಾಕುಗಳ ಸಾಲಿನಲ್ಲಿ ಬಂದು ಕೂತಿತು. ಬಾಡೂಟ ಬೇಕೆಂದು ಅಲ್ಲಿಯ ಜನ ಬೀದಿಗೆ ಬಂದದ್ದು ಊಟದ ಆಸೆಗಲ್ಲ, ಆ ಸಾಲಿಗೆ. ತಮ್ಮ ಅಡುಗೆ ಚಟಗಳ ಪಟ್ಟಿಯಲ್ಲಿದ್ದರೆ ಯಾರಿಗೆ ಉರಿಯುವುದಿಲ್ಲ? ಪುರವಣಿಯ ಸಂಪಾದಕರು, ಅನುವಾದದ ಅಂಚಿನ ಟಿಪ್ಪಣಿ, ಸಮ್ಮೇಳನದ ನಿಯಮ: ಇವೆಲ್ಲ ಒಂದೇ ಕೈಬರಹದಲ್ಲಿವೆ.

ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನಮ್ಮ ಜಿಲ್ಲಾ ಪುಟಗಳಲ್ಲಿ ಹಂದಿಯ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ. 'ಹಂದಿಗಳ ಹಾವಳಿ: ಕಣ್ಮುಚ್ಚಿ ಕುಳಿತ ಆಡಳಿತ.' ಎರಡು ದಿನ ಬಿಟ್ಟು, ಹಂದಿ ಹಿಡಿಯುವ ಕಾರ್ಯಾಚರಣೆಯ ಫೋಟೊ. ಹಿಡಿದವರ ಸಂಖ್ಯೆ, ಹಿಡಿಸಿದ ಅಧಿಕಾರಿಯ ಹೆಸರು, ಗಾಡಿಗೆ ತುಂಬಿದ ಹಂದಿಗಳ ಲೆಕ್ಕ ಎಲ್ಲ ಇರುತ್ತದೆ. ಆ ಹಂದಿಗಳಿಗೆ ಒಡೆಯರಿದ್ದಾರೆ. ಕಿವಿಯ ಕೊಯ್ತ ನೋಡಿ ಇದು ನನ್ನದು, ಅದು ಅವರದ್ದು ಎಂದು ಗುರುತಿಸಬಲ್ಲವರು. ಒಂದು ಹೆಣ್ಣುಹಂದಿ ಎಷ್ಟು ಮರಿ ಹಾಕಿತು, ಯಾವ ಮರಿ ಮಾರಿ ಮಗಳ ಪಿಯುಸಿ ಫೀಸು ಕಟ್ಟಬೇಕು ಎಂದು ಲೆಕ್ಕ ಇಟ್ಟವರು. ಗಾಡಿಯ ಹಿಂದೆ ಓಡಿದ ಅವರನ್ನು ಮಾತಾಡಿಸಿದ ಒಂದು ಸಾಲನ್ನೂ ಆ ಸುದ್ದಿಗಳಲ್ಲಿ ನಾನಿನ್ನೂ ಓದಿಲ್ಲ.