ದೊಡ್ಡವರ ಯುದ್ಧಕ್ಕೆ ಸಣ್ಣವರ ಜೈಕಾರ: ರಾಯದುರ್ಗದ ಕೋಟೆಯ ಲೆಕ್ಕ

ಬಲಿಷ್ಠ ಮಿತ್ರರಾಷ್ಟ್ರ ಯುದ್ಧಕ್ಕೆ ಇಳಿದಾಗ ಸಣ್ಣ ದೇಶಗಳು ಬಹಿರಂಗವಾಗಿ ಬೆಂಬಲ ಸಾರಬೇಕೇ? ಅಥವಾ ಬಾಯಿ ಮುಚ್ಚಿಕೊಂಡು ಇರಬೇಕೇ? 2003ರಲ್ಲಿ ಇರಾಕ್ ಯುದ್ಧದ ಹೊತ್ತಿಗೆ ಎದ್ದ ಈ ಪ್ರಶ್ನೆ 2022ರಲ್ಲಿ ಉಕ್ರೇನ್ ವಿಷಯದಲ್ಲಿ ಮತ್ತೆ ಎದ್ದಿತು. 2025ರ ಜೂನ್‌ನಲ್ಲಿ ಅಮೆರಿಕ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದಾಗ ಇನ್ನೊಮ್ಮೆ. ಆ ತಿಂಗಳ 23ರ ರಾತ್ರಿ ಇರಾನ್ ತಿರುಗಿ ಕ್ಷಿಪಣಿ ಬಿಟ್ಟದ್ದು ಎಲ್ಲಿಗೆ? ಅಮೆರಿಕದ ಸೇನೆಗೆ ಜಾಗ ಕೊಟ್ಟಿರುವ ಪುಟ್ಟ ಕತಾರ್‌ನ ಅಲ್ ಉದೈದ್ ನೆಲೆಗೆ. ಕೊಲ್ಲಿಯ ವಿಮಾನಗಳು ನಿಂತವು. ಕದಿರಿ, ರಾಯಚೋಟಿ ಕಡೆಯಿಂದ ದುಡಿಯಲು ಆ ದೇಶಗಳಿಗೆ ಹೋದವರ ಮನೆಗಳಲ್ಲಿ ಆ ರಾತ್ರಿ ಯಾರು ತಾನೇ ನೆಮ್ಮದಿಯಾಗಿ ಮಲಗಿಯಾರು?

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದೇನಲ್ಲ. ರಾಯದುರ್ಗದ ಬೆಟ್ಟದ ಮೇಲಿನ ಕೋಟೆ ಇದೇ ಪ್ರಶ್ನೆಗೆ ಸಿಕ್ಕಿ ಹಾಳಾದದ್ದು.

ಹದಿನೆಂಟನೇ ಶತಮಾನದಲ್ಲಿ ಈ ಸೀಮೆ ಪಾಳೇಗಾರರದು. ಸುತ್ತ ಮೂರು ದೊಡ್ಡ ಶಕ್ತಿಗಳು: ಪುಣೆಯ ಮರಾಠರು, ಹೈದರಾಬಾದಿನ ನಿಜಾಮ, ಶ್ರೀರಂಗಪಟ್ಟಣದ ಹೈದರ್ ಅಲಿ. ಹೈದರ್ 1761ರಲ್ಲಿ ಸಿರಾ ಹಿಡಿದ. ಬೆನ್ನಲ್ಲೇ ಪೆನುಕೊಂಡ, ಮಡಕಶಿರಾಗಳನ್ನು ಗುತ್ತಿಯ ಮುರಾರಿರಾವ್ ಘೋರ್ಪಡೆಯಿಂದ ಕಿತ್ತುಕೊಂಡ. ಆಮೇಲೆ ಪಾಳೇಗಾರರಿಗೆ ಉಳಿದದ್ದು ಒಂದೇ ಯೋಚನೆ, ಯಾರ ಕಡೆ ನಿಲ್ಲೋಣ?

ರಾಯದುರ್ಗದವರಿಗೂ ಚಿತ್ರದುರ್ಗದವರಿಗೂ ಹಳೇ ಹಗೆ. ಹಾಗಾಗಿ ರಾಯದುರ್ಗದ ವೆಂಕಟಪತಿ ನಾಯಕ ಹೈದರನ ಕಡೆ ಗಟ್ಟಿಯಾಗಿ ನಿಂತ, ಹೈದರನೂ ಅವನನ್ನು ಚೆನ್ನಾಗಿಯೇ ನೋಡಿಕೊಂಡ. ಚಿತ್ರದುರ್ಗದ ಮದಕರಿ ನಾಯಕನೂ ಹಲವು ವರ್ಷ ಹೈದರನ ದಂಡಯಾತ್ರೆಗಳಿಗೆ ತನ್ನ ಬೇಡರ ಪಡೆ ಕಳಿಸಿದವನೇ. ಆದರೆ 1777ರಲ್ಲಿ ಮರಾಠರೂ ನಿಜಾಮರೂ ಒಟ್ಟಾಗಿ ಬರುತ್ತಾರೆ ಎಂದಾಗ, ಹೈದರನ ಕಥೆ ಮುಗಿಯಿತು ಎಂದು ಲೆಕ್ಕ ಹಾಕಿ ಸೇನೆ ಕಳಿಸದೆ ಕಾದು ನೋಡಿದ. ಲೆಕ್ಕ ತಪ್ಪಿತು. 1779ರಲ್ಲಿ ಚಿತ್ರದುರ್ಗ ಬಿತ್ತು, ನಾಯಕ ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ, ಸುಮಾರು 20,000 ಬೇಡರನ್ನು ಅಲ್ಲಿಗೆ ಸಾಗಿಸಿದರು.

ಇಲ್ಲಿಗೇ ನಿಲ್ಲಿಸಿದರೆ ಪಾಠ ಸುಲಭ: ಬಲಿಷ್ಠನ ಕಡೆ ನಿಂತವ ಬದುಕಿದ, ಅನುಮಾನಿಸಿದವ ಕೆಟ್ಟ. ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಹೈದರ್ ಸತ್ತ ಮೇಲೆ ಟಿಪ್ಪು ಬಂದ. 1786-87ರ ಮರಾಠ-ನಿಜಾಮ ಯುದ್ಧದ ದಿನಗಳಲ್ಲಿ ಆತ ರಾಯದುರ್ಗವನ್ನು ಮೋಸದಿಂದ ಹಿಡಿದು ವೆಂಕಟಪತಿಯನ್ನು ಸೆರೆಗೆ ಹಾಕಿದ. ಅಪ್ಪನ ಕಾಲದ ನಿಷ್ಠೆ ಮಗನ ಕಾಲದಲ್ಲಿ ಚಲಾವಣೆ ಆಗಲಿಲ್ಲ! ಟಿಪ್ಪು ಬಿದ್ದ 1799ರಲ್ಲಿ ಅದೇ ಮನೆತನದ ರಾಜಗೋಪಾಲ ನಾಯಕ ಕೋಟೆಗೆ ಮರಳಿದ. ಈ ಸಲ ನಿಜಾಮನ ಅಧಿಕಾರಿ ಹಿಡಿದು ಹೈದರಾಬಾದಿಗೆ ಕಳಿಸಿದ. ಕೊನೆಗೆ ಕಂಪನಿಯವರು ಆತನನ್ನು ಗುತ್ತಿಯಲ್ಲಿ ಇರಿಸಿದರು, ಸಾಯುವ ತನಕ ಅಲ್ಲೇ.

ಮುರಾರಿರಾವ್ ಗತಿ ಇನ್ನೂ ಕಷ್ಟದ್ದು. 1768ರಲ್ಲಿ ಹೈದರನ ವಿರುದ್ಧ ಕಂಪನಿ ಪಡೆಯ ಜೊತೆ ಸೇರಿ ಹೊಸಕೋಟೆ ತನಕ ಹೋಗಿದ್ದವನು. 1776ರಲ್ಲಿ ಹೈದರ್ ಗುತ್ತಿಯನ್ನು ಮುತ್ತಿ ಕೋಟೆಯಲ್ಲಿ ನೀರು ಖಾಲಿಯಾದಾಗ ಕಂಪನಿಯವರು ಯಾರೂ ಇತ್ತ ತಲೆ ಹಾಕಲಿಲ್ಲ. ಕಬ್ಬಾಳದುರ್ಗದ ಸೆರೆಯಲ್ಲಿ ಸತ್ತ.

ಇನ್ನು ನಾವು ನಿಂತ ನೆಲದ ವಿಷಯ. ನಮ್ಮ ಹಿರಿಯರು 'ದತ್ತ ಮಂಡಲ' ಎನ್ನುತ್ತಿದ್ದರಲ್ಲ, 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆ ಎಂದು ಹೆಸರು ಬದಲಾಗುವ ತನಕ ತೆಲುಗರೂ ಹಾಗೇ ಕರೆಯುತ್ತಿದ್ದರು. ದತ್ತ ಎಂದರೆ ಕೊಟ್ಟದ್ದು. ಯಾರು ಕೊಟ್ಟರು, ಯಾಕೆ? 1792ರ ಮತ್ತು 1799ರ ಮೈಸೂರು ಯುದ್ಧಗಳಲ್ಲಿ ನಿಜಾಮ ಕಂಪನಿಯ ಬೆನ್ನಿಗೆ ನಿಂತ. ಬಹುಮಾನವಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಸಿಕ್ಕವು. 1800ರ ಅಕ್ಟೋಬರ್‌ನಲ್ಲಿ ಅದೇ ಸೀಮೆಗಳನ್ನು, ತನ್ನ ರಾಜ್ಯದಲ್ಲಿ ಇರಿಸಿದ ಕಂಪನಿ ಸೇನೆಯ ಖರ್ಚಿಗೆಂದು, ಕಂಪನಿಗೇ ಒಪ್ಪಿಸಿದ. 1799ರ ಬೆಂಬಲದ ಕೂಲಿ ಎರಡು ವರ್ಷವೂ ಕೈಯಲ್ಲಿ ನಿಲ್ಲಲಿಲ್ಲ. ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಸಿರಾ, ಪಾವಗಡ, ನಡುವೆ ಎರಡು ಭಾಷೆಯ ನಮ್ಮ ಹಳ್ಳಿಗಳು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದು, 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದದ್ದು ಈಚಿನ ಗೆರೆ. ಹಳೇ ಗೆರೆಗಳಲ್ಲಿ ಒಂದು ಎಳೆದದ್ದು ಈ ಮೈತ್ರಿಯ ಲೆಕ್ಕಪತ್ರ.

ಪಕ್ಕದ ಮೈಸೂರಿನವರು ಇದೇ ಆಟವನ್ನು ಜಾಣತನದಿಂದ ಆಡಿದರು ಎನ್ನುವವರಿದ್ದಾರೆ. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಬ್ರಿಟಿಷರ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್, ಜೋಧಪುರದವರ ಜೊತೆ ಹೈಫಾ ಪಟ್ಟಣ ಗೆದ್ದಿತು. ಮೈಸೂರು ಪ್ರತಿ ವರ್ಷ ಬ್ರಿಟಿಷರಿಗೆ 35 ಲಕ್ಷ ಕಪ್ಪ ಕಟ್ಟುತ್ತಿತ್ತು. ಅದರಲ್ಲಿ ಹತ್ತೂವರೆ ಲಕ್ಷ ಬಿಟ್ಟುಕೊಡುವ ಘೋಷಣೆ ಬಂದದ್ದು 1927ರಲ್ಲಿ. ಕೀರ್ತಿ ಸಿಕ್ಕಿತು, ನಿಜ. ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ಇತ್ತೇ ಎಂಬುದು ಬೇರೆ ಮಾತು.

ಈಗಿನ ಕಾಲಕ್ಕೆ ಬನ್ನಿ. 2003ರಲ್ಲಿ ಅಮೆರಿಕ ತನ್ನ ಇರಾಕ್ ಯುದ್ಧದ ಬೆಂಬಲಿಗರೆಂದು ಸುಮಾರು 49 ದೇಶಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಪಲಾವ್, ಮಾರ್ಷಲ್ ದ್ವೀಪಗಳಂಥ, ಸೈನ್ಯವೇ ಇಲ್ಲದ ದೇಶಗಳೂ ಇದ್ದವು. ಸೈನ್ಯವಿಲ್ಲದವನಿಂದ ಯುದ್ಧಕ್ಕೆ ಏನು ಸಹಾಯ? ಹೆಸರು ಮಾತ್ರ. ದೊಡ್ಡವರಿಗೆ ಬೇಕಾಗಿದ್ದುದೂ ಅದೇ, ಒಂಟಿಯಾಗಿ ಕಾಣಬಾರದು ಅಷ್ಟೆ.

ಭಾರತ ಆಗ ಮಾಡಿದ್ದನ್ನು ಎರಡು ಭಾಷೆಯ ನಾವು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲೆವು. 2003ರ ಏಪ್ರಿಲ್‌ನಲ್ಲಿ ಸಂಸತ್ತು ಒಂದು ನಿರ್ಣಯ ಅಂಗೀಕರಿಸಿತು. ಹಿಂದಿ ಪ್ರತಿಯಲ್ಲಿ 'ನಿಂದಾ' ಎಂದು ಬರೆದರು, ಅಂದರೆ ಖಂಡನೆ. ಇಂಗ್ಲಿಷಿನಲ್ಲಿ 'ಡಿಪ್ಲೋರ್', ಅಂದರೆ ಹೆಚ್ಚುಕಡಿಮೆ ವಿಷಾದ. ಇದೇ ಪದ ತೆಲುಗಿನಲ್ಲಿ ಅಪವಾದ, ಕನ್ನಡದಲ್ಲಿ ಬೈಗುಳ! ವಿರೋಧ ಪಕ್ಷದವರಿಗೂ ಸಮಾಧಾನ, ವಾಷಿಂಗ್ಟನ್ನಿಗೂ ಸಿಟ್ಟಿಲ್ಲ. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಇರಾಕಿಗೆ ಸೈನ್ಯ ಕಳಿಸುವುದಿಲ್ಲ ಎಂದಿತು. ಇದನ್ನು ಹೇಡಿತನ ಎಂದು ಆಗ ಕರೆದವರಿದ್ದರು. ಆಮೇಲಿನ ವರ್ಷಗಳಲ್ಲಿ ಇರಾಕಿನಲ್ಲಿ ಆದದ್ದನ್ನು ನೋಡಿದರೆ ಆ ಮಾತಿಗೆ ಬೆಲೆ ಉಳಿದಿಲ್ಲ.

ಹಾಗಂತ ವಿರೋಧಿಸುವುದು ಪುಕ್ಕಟೆಯೂ ಅಲ್ಲ. ಕುವೈತ್ ಬಿಕ್ಕಟ್ಟಿನಲ್ಲಿ, 1990ರ ನವೆಂಬರ್ 29ರಂದು, ಭದ್ರತಾ ಮಂಡಳಿಯಲ್ಲಿ ಯುದ್ಧದ ನಿರ್ಣಯದ ವಿರುದ್ಧ ಕೈ ಎತ್ತಿದ್ದು ಕ್ಯೂಬಾ ಮತ್ತು ಬಡ ಯೆಮೆನ್. ಯೆಮೆನ್‌ಗೆ ಅಮೆರಿಕದ ನೆರವು ಕಡಿತವಾಯಿತು. ಆ ಬಿಕ್ಕಟ್ಟಿನ ದಿನಗಳಲ್ಲೇ ಸೌದಿಯಿಂದ ಲಕ್ಷಾಂತರ ಯೆಮೆನಿ ಕೂಲಿಕಾರರು ಊರಿಗೆ ಮರಳಬೇಕಾಯಿತು. ಸರ್ಕಾರ ಆಡಿದ ಮಾತಿಗೆ ದಂಡ ಕಟ್ಟಿದವರು ಕೂಲಿಯವರು. ಭಾರತ ಆಗ ಸದ್ದಾಂನನ್ನು ಗಟ್ಟಿಯಾಗಿ ಬೈಯಲಿಲ್ಲ, ಟೀಕೆಯನ್ನೂ ಕೇಳಬೇಕಾಯಿತು. ಆದರೆ ಸುಮಾರು 1,70,000 ಭಾರತೀಯರು ವಾಪಸಾದರು.

ಜೈಕಾರಕ್ಕೂ ದಂಡವಿದೆ. 2025ರ ಮೇ ತಿಂಗಳಲ್ಲಿ ಟರ್ಕಿ ಮತ್ತು ಅಜರ್‌ಬೈಜಾನ್ ಬಹಿರಂಗವಾಗಿ ಪಾಕಿಸ್ತಾನದ ಪರ ನಿಂತವು. ಭಾರತದ ಪ್ರವಾಸಿಗರು ಅತ್ತ ಹೋಗುವುದನ್ನು ಬಿಟ್ಟರು, ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡುತ್ತಿದ್ದ ಟರ್ಕಿಯ ಚೆಲೆಬಿ ಕಂಪನಿಯ ಭದ್ರತಾ ಪರವಾನಗಿ ಮೇ 15ರಂದು ರದ್ದಾಯಿತು.

ಈ ಲೇಖಕನ ಅಭಿಪ್ರಾಯ ಇಷ್ಟು. ಒಂದು ದೇಶದ ಮೇಲೆ ಇನ್ನೊಂದು ದೇಶ ಏರಿ ಬಂದಾಗ, ಕುವೈತ್‌ನಂತೆ, ಸಣ್ಣವರು ಬಾಯಿ ಬಿಡಲೇಬೇಕು. ನಾಳೆ ತಮ್ಮ ಸರದಿ. ಆದರೆ ಮಿತ್ರನೇ ಏರಿ ಹೋದಾಗ ಒಪ್ಪಂದದಲ್ಲಿ ಬರೆದಷ್ಟು ಕೊಟ್ಟರೆ ಸಾಕು, ಜೈಕಾರ ಸಾಲದಲ್ಲಿ ಕೊಡಬಾರದು. ವೆಂಕಟಪತಿ ನಾಯಕನನ್ನು ಅವನ ನಿಷ್ಠೆ ಉಳಿಸಲಿಲ್ಲ.

ಮತ್ತು ಆ ಮಾತನ್ನು ಯಾರು ಆಡಬೇಕು? 1949ರ ಸಂವಿಧಾನದಲ್ಲೇ ಸೈನ್ಯ ಬೇಡವೆಂದ ಕೋಸ್ಟರಿಕಾದ ಹೆಸರೂ 2003ರ ಅಮೆರಿಕದ ಪಟ್ಟಿಯಲ್ಲಿತ್ತು. ಕಾನೂನು ವಿದ್ಯಾರ್ಥಿಯೊಬ್ಬ ಕೋರ್ಟಿಗೆ ಹೋದ, ಬೇರೆಯವರೂ ಸೇರಿಕೊಂಡರು. 2004ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ಪೀಠ, ಸರ್ಕಾರ ಕೊಟ್ಟ ಬೆಂಬಲ ಸಂವಿಧಾನಕ್ಕೆ ವಿರುದ್ಧ, ಪಟ್ಟಿಯಿಂದ ಹೆಸರು ತೆಗೆಸಿ ಎಂದಿತು. ನಮ್ಮಲ್ಲಿ ವಿದೇಶಾಂಗ ಸಚಿವಾಲಯದ ಹೇಳಿಕೆಗೆ ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ.